ಮೊಟ್ಟೆಯಿದ್ದೂ ರಾಣಿಯಿಲ್ಲದ ಪೆಟ್ಟಿಗೆ: ಮಳೆಗಾಲದ ಕೆಲಸದ ವರದಿ

ತೋಟದ ಮೇಲಂಚಿನ ತುಡುವೆ ಜೇನಿನ (ನಮ್ಮ ನಾಡತಳಿಯ ಸಾಕುಜೇನು) ಪೆಟ್ಟಿಗೆಯಲ್ಲಿ ಕೊನೆಗೂ ಸಮತಟ್ಟಾದ ಮುಚ್ಚಳದ ಕೆಲಸಗಾರ ಮರಿಗಳು ಕಾಣಿಸಿಕೊಂಡಿವೆ. ಹೊಸದಾಗಿ ಜೇನು ಸಾಕಲು ತೊಡಗಿದ ನಮ್ಮೂರಿನ ಯುವಕರೊಬ್ಬರು ಮಳೆ ಹಿಡಿದ ಮೇಲೆ ತಂದು ಒಪ್ಪಿಸಿದ ಕುಟುಂಬವಿದು. "ಮೊಟ್ಟೆ ಬೇಕಾದಷ್ಟು ಇದ್ದು ಭಾವ, ಹುಳ ಮಾತ್ರ ಕಡಿಮೆ ಆಗ್ತಾ ಇದ್ದು" ಎಂದು ಅವರು ಹೇಳಿದ್ದರು. ಆ ಒಂದು ಮಾತಿನಲ್ಲಿಯೇ ರೋಗದ ಪೂರ್ತಿ ವಿವರವಿತ್ತು: ರಾಣಿಯಿಲ್ಲದೆ ಕೆಲಸಗಾರ ನೊಣಗಳೇ ಮೊಟ್ಟೆಯಿಡುತ್ತಿದ್ದವು. ಶಿರಸಿ, ಸಿದ್ದಾಪುರದ ಕಡೆ ಹೊಸಬರ ಪೆಟ್ಟಿಗೆಗಳು ಮಳೆಗಾಲದಲ್ಲಿ ಹಾಳಾಗುವುದನ್ನು ನೋಡುತ್ತ ಬಂದ ನನಗೆ, ಅವುಗಳಲ್ಲಿ ಹೆಚ್ಚಿನವು ಹಸಿವಿನಿಂದಲೋ ಚಳಿಯಿಂದಲೋ ಅಲ್ಲ, ಮೊಟ್ಟೆಯನ್ನು ಕಂಡ ಕೂಡಲೇ ರಾಣಿ ಇದ್ದಾಳೆಂದು ನಂಬಿದ್ದರಿಂದಲೇ ಕೈತಪ್ಪಿವೆ ಎನ್ನಿಸುತ್ತದೆ.

ನೊಣಗಳು ಮೇಣದಿಂದ ಕಟ್ಟಿದ ಎರಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ ಒಂದೊಂದು ಕಣದಲ್ಲಿ ಎರಡು, ಮೂರು, ಕೆಲವೆಡೆ ಇನ್ನೂ ಹೆಚ್ಚು ಮೊಟ್ಟೆಗಳಿದ್ದವು. ಅವು ಕಣದ ತಳದ ನಡುವೆ ನಿಂತಿರದೆ ಗೋಡೆಗೆ ಅಂಟಿದ್ದವು. ರಾಣಿಯ ಉದ್ದವಾದ ಹೊಟ್ಟೆ ತಳವನ್ನು ಮುಟ್ಟುತ್ತದೆ, ಕೆಲಸಗಾರ ನೊಣದ ಗಿಡ್ಡ ಹೊಟ್ಟೆ ಮುಟ್ಟುವುದಿಲ್ಲ ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ. ಹೊಸದಾಗಿ ಗಂಡಿನೊಂದಿಗೆ ಕೂಡಿ ಬಂದ ರಾಣಿಯೂ ಮೊದಲ ಕೆಲವು ದಿನ ಒಂದೇ ಕಣದಲ್ಲಿ ಎರಡು ಮೊಟ್ಟೆ ಇಡುವುದುಂಟು. ಆದ್ದರಿಂದ ಎಣಿಕೆಗಿಂತ ಮೊಟ್ಟೆಯ ಜಾಗವೇ ನಂಬಲರ್ಹವಾದ ಗುರುತು. ಮುಚ್ಚಿದ ಮರಿಗಳು ಕೆಲಸಗಾರ ಕಣಗಳಲ್ಲಿಯೇ ಇದ್ದರೂ ಅವುಗಳ ಮುಚ್ಚಳ ಉಬ್ಬಿತ್ತು, ಕೆಲವದರ ನಡುವೆ ತುಡುವೆಯ ಗಂಡುಮರಿಗೆ ಮಾತ್ರ ಇರುವ ಸೂಜಿಮೊನೆಯಷ್ಟು ತೂತಿತ್ತು. ಕೂಡದೆ ಇಟ್ಟ ಮೊಟ್ಟೆಗಳಿಂದ ಗಂಡುಗಳಷ್ಟೇ ಹುಟ್ಟುತ್ತವೆ. ಕೆಲಸಗಾರ ನೊಣವೊಂದು ಮೊಟ್ಟೆಯಿಂದ ಹೊರಬರಲು ಸುಮಾರು 20 ದಿನ ಬೇಕಾಗುವಾಗ, ಹೊಸ ಪೀಳಿಗೆಯೇ ಇಲ್ಲದ ಮನೆಯಲ್ಲಿ ಉಳಿದಿರುವವರೆಲ್ಲ ಮುದುಕರಾಗುತ್ತಿರುತ್ತಾರೆ.

ರಾಣಿಯ ಮೈಗಂಧ ಮತ್ತು ತೆರೆದ ಕಣಗಳಲ್ಲಿರುವ ಮರಿಹುಳುಗಳ ಗಂಧ ಇವೆರಡೂ ಸೇರಿ ಕೆಲಸಗಾರ ನೊಣಗಳ ಅಂಡಾಶಯವನ್ನು ಅಡಗಿಸಿಡುತ್ತವೆ. ತುಡುವೆಯಲ್ಲಿ ಈ ಹಿಡಿತ ಹೊರದೇಶದಿಂದ ಬಂದ ಮೆಲ್ಲಿಫೆರಾ ಜೇನಿಗಿಂತ ಬೇಗ ಸಡಿಲುತ್ತದೆ. ರಾಣಿ ಹೋದದ್ದು ಗಮನಕ್ಕೆ ಬರುವಷ್ಟರಲ್ಲಿ ಮೊಟ್ಟೆ ಬಿದ್ದಿರುತ್ತದೆ, ಮೊಟ್ಟೆ ಕಂಡವರು ಸಮಾಧಾನದಿಂದ ಪೆಟ್ಟಿಗೆ ಮುಚ್ಚಿರುತ್ತಾರೆ.

ಉಳಿದ ತಪ್ಪುಗಳೆಲ್ಲ ಇದರ ಬೆನ್ನಿಗೇ ಬರುತ್ತವೆ. ನೊಣ ಕಡಿಮೆಯಾಯಿತೆಂದು ಹಗಲಿನಲ್ಲಿ ಬಟ್ಟಲು ತುಂಬ ಸಕ್ಕರೆ ಪಾಕ ಇಡುತ್ತಾರೆ. ಪಕ್ಕದ ಬಲವಾದ ಕುಟುಂಬ ಬಂದು ಸೂರೆ ಮಾಡುತ್ತದೆ, ಉಳಿದದ್ದು ಹುಳಿಯುತ್ತದೆ. ಬೆಚ್ಚಗಿನ ಪಾಕವನ್ನು, ಸಕ್ಕರೆ ಮತ್ತು ನೀರು ಸಮತೂಕದಲ್ಲಿ ಬೆರೆಸಿ, ಸಂಜೆಯಾದ ಮೇಲೆ, ಬೆಳಗಾಗುವುದರೊಳಗೆ ಹೀರಿ ಮುಗಿಸುವಷ್ಟು ಮಾತ್ರ ಪೆಟ್ಟಿಗೆಯ ಒಳಗೆ ಇಡಬೇಕು. ಖಾಲಿ ಎರಿಗಳಲ್ಲಿ ಮೇಣದ ಹುಳು ಕಂಡು ಅದೇ ಶತ್ರುವೆಂದು ತಿಳಿಯುತ್ತಾರೆ. ನೊಣಗಳು ಆವರಿಸಿ ಕೂತ ಎರಿಗೆ ಆ ಹುಳು ಸುಲಭವಾಗಿ ಕಾಲಿಡುವುದಿಲ್ಲ. ಮೇಲಿನ ಜೇನು ಕೋಣೆಯನ್ನು ಹಾಗೆಯೇ ಬಿಟ್ಟಿರುತ್ತಾರೆ. ಮರಿಗಳಿಗೆ ಬೇಕಾದ 34–35 ಡಿಗ್ರಿ ಬಿಸಿಯನ್ನು ಮುಷ್ಟಿಯಷ್ಟು ನೊಣಗಳು ಅಷ್ಟು ದೊಡ್ಡ ಜಾಗದಲ್ಲಿ ಕಾಯ್ದುಕೊಳ್ಳಲಾರವು. ಆತಂಕದಿಂದ ದಿನವೂ ತೆರೆದು ನೋಡಿದರೆ ಇದ್ದ ಬಿಸಿಯೂ ಹೋಗುತ್ತದೆ, ಬೇಸತ್ತ ತುಡುವೆ ಮಳೆ ಬಿಟ್ಟು ಹೊಳವಾದ ಒಂದು ದಿನ ಪೆಟ್ಟಿಗೆ ಬಿಟ್ಟು ಹಾರಿಬಿಡುತ್ತದೆ.

ಎರಿ ಕಟ್ಟಲು ಆಧಾರವಾಗಿ ಚೌಕಟ್ಟಿಗೆ ಹಾಕುವ ಮೇಣದ ಹಾಳೆ ಮಾರುವವರ ಬಗ್ಗೆ ಒಂದು ದೂರು ಇಲ್ಲಿ ದಾಖಲಾಗಲೇಬೇಕು. ಈ ಪೆಟ್ಟಿಗೆಗೆ ಕಟ್ಟಿದ್ದ ಹಾಳೆಗಳು ತುಡುವೆಯವೆಂದು ಹೇಳಿ ಮಾರಿದವು. ಅಳತೆಪಟ್ಟಿ ಇಟ್ಟು ನೋಡಿದರೆ ಸಾಲಾಗಿ ಹತ್ತು ಕಣಗಳಿಗೆ 53 ಮಿಲಿಮೀಟರ್. ಅದು ಮೆಲ್ಲಿಫೆರಾದ ಅಳತೆ. ನಮ್ಮ ತುಡುವೆಗೆ ಹತ್ತು ಕಣಗಳು 43ರಿಂದ 48 ಮಿಲಿಮೀಟರ್ ಒಳಗೆ ಬರಬೇಕು. ಅಂಥ ಹಾಳೆಯ ಮೇಲೆ ನೊಣಗಳು ಕಟ್ಟಲು ಹಿಂಜರಿಯುತ್ತವೆ, ಕಟ್ಟಿದರೂ ಅಡ್ಡಾದಿಡ್ಡಿ ಕಟ್ಟುತ್ತವೆ. ಜೊತೆಗೆ ಬಂದ ಚೌಕಟ್ಟುಗಳ ಹಸಿ ಮರ ಮಳೆಗೆ ಉಬ್ಬಿ, ಎರಿಗಳ ನಡುವಿನ ಓಡಾಟದ ಜಾಗವೇ ಮುಚ್ಚಿಹೋಗಿತ್ತು. ಹೊಸಬರು ಇದನ್ನು ತಮ್ಮ ಕೈಗುಣದ ದೋಷವೆಂದು ಭಾವಿಸಿ ಹಿಂದೆ ಸರಿಯುತ್ತಾರೆ ಎಂಬುದೇ ನನ್ನ ಸಿಟ್ಟಿಗೆ ಕಾರಣ. ಹಾಳೆ ಕೊಳ್ಳುವಾಗ ಅಂಗಡಿಯಲ್ಲಿಯೇ ಅಳತೆಪಟ್ಟಿ ಹೊರತೆಗೆಯಲು ಯಾರೂ ಸಂಕೋಚಪಡಬೇಕಾಗಿಲ್ಲ.

ಇನ್ನು ಚಿಕಿತ್ಸೆಯ ವಿಷಯ. ಬೇರೆ ಕಾಲದಲ್ಲಾದರೆ ಮೊಟ್ಟೆ, ಎಳೆಮರಿ ಇರುವ ಎರಿಯೊಂದನ್ನು ಕೊಟ್ಟು ನೊಣಗಳೇ ರಾಣಿಯನ್ನು ಬೆಳೆಸಿಕೊಳ್ಳಲಿ ಎಂದು ಬಿಡಬಹುದಿತ್ತು. ಆದರೆ ನಮ್ಮ ಜಡಿಮಳೆಯಲ್ಲಿ ಕನ್ಯಾರಾಣಿ ಗಂಡಿನೊಂದಿಗೆ ಕೂಡಲು ಹಾರುವುದು ಹೇಗೆ? ಬಲವಾದ ಕುಟುಂಬಗಳೂ ಆ ಹೊತ್ತಿಗೆ ಗಂಡುಗಳನ್ನು ಹೊರದಬ್ಬಿರುತ್ತವೆ. ಕೂಡಿದ ರಾಣಿಯನ್ನು ನೇರವಾಗಿ ಒಳಗೆ ಬಿಟ್ಟರೆ, ಮೊಟ್ಟೆಯಿಡುವ ಕೆಲಸಗಾರರು ಅವಳನ್ನು ಸುತ್ತುಗಟ್ಟಿ ಕೊಲ್ಲುತ್ತಾರೆ. ನೊಣಗಳನ್ನೆಲ್ಲ ದೂರದಲ್ಲಿ ಕೊಡವಿ ಬರುವ ಉಪಾಯ ಮಳೆಯಲ್ಲಿ ಕೊಲೆಗೆ ಸಮಾನ.

ಆದ್ದರಿಂದ ಮೊದಲು ಅಂಡಾಶಯಗಳನ್ನು ಅಡಗಿಸುವುದು, ರಾಣಿಯ ಯೋಚನೆ ಆಮೇಲೆ ಎಂದು ನಿರ್ಧರಿಸಿದೆ. ಬಲವಾದ ಕುಟುಂಬದಿಂದ ತೆರೆದ ಮರಿಗಳಿರುವ ಎರಿಯೊಂದನ್ನು ಕೊಟ್ಟಾಗ ಒಂದು ವಾರದಲ್ಲಿ ಅದು ಪೂರ್ತಿ ಬರಿದಾಗಿತ್ತು. ಆವರಿಸಲು ನೊಣ ಸಾಲದೆ, ತಣ್ಣಗಾದ ಮರಿಗಳನ್ನು ಅವೇ ಕಿತ್ತೆಸೆದಿದ್ದವು. ಅಲ್ಲಿಗೆ ಕೆಲಸ ಹಲವು ದಿನ ಹಿಂದೆ ಹೋಯಿತು. ಅನಂತರ ಗಂಡುಮರಿಗಳಿದ್ದ ಎರಿಗಳನ್ನೆಲ್ಲ ತೆಗೆದು, ನೊಣಗಳು ಎರಡೂ ಮೈ ಮುಚ್ಚುವಷ್ಟು ಎರಿಗಳನ್ನು ಮಾತ್ರ ಉಳಿಸಿ, ಪಕ್ಕಕ್ಕೆ ಅಡ್ಡಹಲಗೆ ಕೊಟ್ಟು ಮನೆಯನ್ನು ಕಿರಿದಾಗಿಸಿದೆ. ಮತ್ತೆ ಮರಿ ಎರಿ ಕೊಡುವಾಗ ಅದಕ್ಕೆ ಅಂಟಿದ್ದ ಎಳೆಯ ದಾದಿ ನೊಣಗಳನ್ನೂ, ರಾಣಿ ಅವುಗಳ ನಡುವೆ ಇಲ್ಲವೆಂದು ಖಚಿತಪಡಿಸಿಕೊಂಡು, ಜೊತೆಗೇ ಕಳಿಸಿದೆ. ವಾರಕ್ಕೊಂದರಂತೆ ಇದೇ ಕ್ರಮ ಮುಂದುವರಿಯಿತು.

ಎರಿ ಸಾಲ ಕೊಡುವ ಮುನ್ನ ಮರಿಗಳನ್ನು ಕೊಲ್ಲುವ ವೈರಸ್ ರೋಗವಾದ ಥಾಯ್ ಸ್ಯಾಕ್‌ಬ್ರೂಡ್ ಇಲ್ಲವೆಂದು ನೋಡಲೇಬೇಕು. ತಲೆ ಮೇಲಾಗಿ ಚಾಚಿಕೊಂಡು ಸತ್ತ ಮರಿಹುಳು, ಎತ್ತಿದರೆ ನೀರು ತುಂಬಿದ ಚೀಲದಂತೆ ಬರುವುದು ಅದರ ಲಕ್ಷಣ. 1991–92ರಲ್ಲಿ ಈ ವೈರಸ್ ದಕ್ಷಿಣ ಭಾರತದ ತುಡುವೆ ಸಾಕಣೆಯನ್ನೇ ನೆಲಕಚ್ಚಿಸಿತು; ಖಾಲಿ ಪೆಟ್ಟಿಗೆಗಳನ್ನು ಅಟ್ಟಕ್ಕೇರಿಸಿದವರ ನೆನಪು ಹಳಬರಲ್ಲಿ ಇನ್ನೂ ಹಸಿಯಾಗಿದೆ. ದುರ್ಬಲ ಕುಟುಂಬವನ್ನು ಉಳಿಸುವ ಉತ್ಸಾಹದಲ್ಲಿ ತೋಟಕ್ಕೆಲ್ಲ ರೋಗ ಹಂಚಬಾರದು.

ಕಾಯುವ ಈ ವಾರಗಳಲ್ಲಿ ಮುಂದಿನ ಕೆಲಸವೊಂದು ತಲೆಯಲ್ಲಿ ರೂಪುಗೊಂಡಿತು. ಪೆಟ್ಟಿಗೆಯ ಸ್ಟ್ಯಾಂಡಿನ ಒಂದು ಬದಿಗೆ ಕೊಕ್ಕೆ ಜೋಡಿಸಿ, ನೇತುಹಾಕುವ ಸ್ಪ್ರಿಂಗ್ ತಕ್ಕಡಿಯಿಂದ ಆ ಬದಿಯನ್ನು ಕೂದಲೆಳೆಯಷ್ಟು ಎತ್ತಿ ತೂಕ ಓದುವುದು. ಎರಡೂ ಬದಿಯ ಓದುಗಳನ್ನು ಕೂಡಿಸಿದರೆ ಪೆಟ್ಟಿಗೆಯ ತೂಕ ಹೆಚ್ಚುಕಡಿಮೆ ಸಿಗುತ್ತದೆ. ಮುಚ್ಚಳ ತೆರೆಯದೆಯೇ ಒಳಗಿನ ಆಹಾರದ ಏರಿಳಿತ ಗೊತ್ತಾಗುವುದಾದರೆ, ಮಳೆಗಾಲದ ಅರ್ಧದಷ್ಟು ತಪಾಸಣೆಗಳನ್ನು ಕೈಬಿಡಬಹುದು. ಮಳೆಯಲ್ಲಿ ನೆನೆದು ಮರವೇ ತೂಗುವುದನ್ನು ಲೆಕ್ಕದಿಂದ ಕಳೆಯಲು ಪಕ್ಕದಲ್ಲೊಂದು ಖಾಲಿ ಪೆಟ್ಟಿಗೆ ಇಟ್ಟು ಹೋಲಿಸಬೇಕು. ಅದರ ವರದಿಯನ್ನು ಪ್ರತ್ಯೇಕವಾಗಿ ಬರೆಯುತ್ತೇನೆ.

ಮರಿ ಎರಿಗಳ ಸರದಿಯಲ್ಲಿ ಕಡೆಗೊಮ್ಮೆ ಎರಿಯ ಕೆಳಅಂಚಿನಲ್ಲಿ ರಾಣಿ ಕೋಶಗಳು ಮೂಡಿದವು. ಕುಟುಂಬ ತಾನು ರಾಣಿಯಿಲ್ಲದ್ದೆಂದು ಒಪ್ಪಿಕೊಂಡ ಗುರುತದು; ನಾನು ಕಾದಿದ್ದೂ ಅದಕ್ಕೇ. ಆ ರಾಣಿಯರು ಕೂಡಿಬರುವ ಹವೆಯಿಲ್ಲದ್ದರಿಂದ ಕೋಶಗಳನ್ನು ತೆಗೆದುಹಾಕಿದೆ. ಕಳೆದ ಪಾಲಿನ ಕಾಲದಲ್ಲಿ (ಕುಟುಂಬಗಳು ಒಡೆದು ಪಾಲಾಗುವ ಕಾಲ) ಹಿಡಿದು ಚಿಕ್ಕ ಪೆಟ್ಟಿಗೆಯಲ್ಲಿ ಮೂರು ಎರಿಗಳ ಮೇಲೆ ಕಾಪಿಟ್ಟಿದ್ದ, ಕೂಡಿದ ರಾಣಿಯುಳ್ಳ ಕುಟುಂಬವೊಂದು ಮೇಲಂಚಿನಲ್ಲಿತ್ತು. ಅದನ್ನು ಅದೇ ಜಾಗದಲ್ಲಿ ದೊಡ್ಡ ಪೆಟ್ಟಿಗೆಗೆ ಇಳಿಸಿ, ರಾಣಿಯನ್ನು ಪಂಜರದಲ್ಲಿಟ್ಟೆ. ಮೇಲೆ ಸೂಜಿಯಿಂದ ಅಲ್ಲಲ್ಲಿ ಚುಚ್ಚಿದ ಪತ್ರಿಕೆಯ ಹಾಳೆ ಹಾಸಿ, ಕತ್ತಲಾದ ಮೇಲೆ ರೋಗಿಯ ಕೋಣೆಯನ್ನು ಅದರ ಮೇಲೆ ಕೂರಿಸಿದೆ. ತೇವಕ್ಕೆ ಮೆತ್ತಗಾದ ಕಾಗದವನ್ನು ನೊಣಗಳು ಒಂದೇ ರಾತ್ರಿಯಲ್ಲಿ ಹರಿದು ಕಾದಾಡುವುದುಂಟಾದ್ದರಿಂದ, ಒಲೆಯ ಬಳಿ ಒಣಗಿಸಿದ ಎರಡು ಪದರ ಹಾಳೆ ಬಳಸಿದೆ. ಕಾಗದದ ಚೂರುಗಳು ಬಾಗಿಲಿನಿಂದ ಹೊರಬೀಳತೊಡಗಿದ ಮೇಲೆ, ಪಂಜರದ ಮೇಲೆ ಕೂತ ನೊಣಗಳು ಕಚ್ಚದೆ ಅವಳಿಗೆ ನಾಲಿಗೆ ಚಾಚಿ ಉಣಿಸುತ್ತಿರುವುದನ್ನು ಕಂಡು ಅವಳನ್ನು ಬಿಟ್ಟೆ.

ರಾಣಿ ಹಾರಿಹೋಗದಿರಲೆಂದು ಬಾಗಿಲಿಗೆ ಹಾಕಿದ ತಡೆಯನ್ನು ಬೇಗನೆ ತೆಗೆಯಬೇಕಾಯಿತು. ಉಳಿದಿದ್ದ ಗಂಡುಗಳು ಅದರ ಸಂದಿನಲ್ಲಿ ತೂರಲಾರದೆ ಅಲ್ಲಿಯೇ ಸತ್ತು ದಾರಿ ಮುಚ್ಚುತ್ತಿದ್ದವು. ಈಗ ಒಂದು ಕಣಕ್ಕೆ ಒಂದೇ ಮೊಟ್ಟೆ, ಅದೂ ತಳದ ನಡುವೆ. ಮುಟ್ಟಿದರೆ ಮುನಿ ಹೂಬಿಟ್ಟಿದ್ದು ಹೊಳವಾದ ಬೆಳಗ್ಗೆ ಪರಾಗ ಒಳಬರುತ್ತಿದೆ, ಪಾಕವನ್ನು ಕಡಿಮೆ ಮಾಡಿದ್ದೇನೆ. ಹೊಸ ನೊಣಗಳು ಎರಡು ಪೀಳಿಗೆ ಹೊರಬರುವ ತನಕ ಪೆಟ್ಟಿಗೆ ನನ್ನಲ್ಲಿಯೇ ಇರುತ್ತದೆ. ಅದರ ಒಡೆಯರು ಅಲ್ಲಿಯವರೆಗೆ ವಾರಕ್ಕೊಮ್ಮೆ ಬಂದು ಎರಿಯನ್ನು ಓದಲು ಕಲಿಯುತ್ತಿದ್ದಾರೆ. ಮುಂದಿನ ಪಾಲಿನ ಕಾಲಕ್ಕೆ ಅವರಿಗೂ ಒಂದು ಕಾಪಿನ ರಾಣಿ ಇರಲೆಂದು ಮೂರು ಎರಿ ಹಿಡಿಸುವ ಚಿಕ್ಕ ಪೆಟ್ಟಿಗೆಗಳಿಗೆ ಹಲಗೆ ಕೊಯ್ಸಿದ್ದೇವೆ; ಈ ಸಲ ಮರವನ್ನು ನಾವೇ ಒಣಗಿಸುತ್ತಿದ್ದೇವೆ.