ಮ್ಯಾಕ್ರೋಫೇಜ್‌ಗಳಿಗೆ ಹೈ ಗ್ಲೂಕೋಸ್ ಕೊಡುವ ಮೊದಲು

ರೋಗನಿರೋಧಕ ಕೋಶಗಳಾದ ಮ್ಯಾಕ್ರೋಫೇಜ್‌ಗಳಲ್ಲಿ ಹೆಚ್ಚು ಗ್ಲೂಕೋಸ್ ಉರಿಯೂತ ಎಬ್ಬಿಸುತ್ತದೆಯೇ ಎಂದು ನೋಡುವ ಪ್ರಯೋಗಕ್ಕೆ ಮೊದಲು ಕೆಲವು ಎಚ್ಚರಿಕೆಗಳು. ಇದಕ್ಕೆ ಬಳಸುವ ಟಿಎಚ್‌ಪಿ-1 ಎಂಬ ಮಾನವ ಮಾನೊಸೈಟ್ ಕೋಶಗಳನ್ನು ಬೆಳೆಸುವ ಆರ್‌ಪಿಎಂಐ 1640 ಮೀಡಿಯಂನಲ್ಲಿ ಗ್ಲೂಕೋಸ್ ಮೊದಲೇ 11.1 ಮಿಲಿಮೋಲಾರ್ ಇರುತ್ತದೆ, ಅಂದರೆ ಡೆಸಿಲೀಟರಿಗೆ 200 ಮಿಲಿಗ್ರಾಂ. ಖಾಲಿ ಹೊಟ್ಟೆಯ ರಕ್ತದಲ್ಲಿ ಇರಬೇಕಾದದ್ದು 5.5ರ ಆಸುಪಾಸು. ಈ ಮೀಡಿಯಂ ಅನ್ನೇ ‘ನಾರ್ಮಲ್’ ಎಂದು ಇಟ್ಟುಕೊಂಡು 25 ಮಿಲಿಮೋಲಾರ್ ಜೊತೆ ಹೋಲಿಸಿದರೆ ವ್ಯತ್ಯಾಸ ಮಸುಕಾಗುವುದರಲ್ಲಿ ಆಶ್ಚರ್ಯವೇನಿಲ್ಲ.

ಮ್ಯಾಕ್ರೋಫೇಜ್ ಗ್ಲೂಕೋಸನ್ನು ಮುಖ್ಯವಾಗಿ ಗ್ಲಟ್-1 ಎಂಬ ಸಾಗಣೆ ಪ್ರೋಟೀನ್ ಮೂಲಕ ಎಳೆದುಕೊಳ್ಳುತ್ತದೆ; ಇನ್ಸುಲಿನ್‌ಗೆ ಕಾಯುವುದಿಲ್ಲ. ಗ್ಲೂಕೋಸ್ ಮಿತಿಮೀರಿದಾಗ ಗ್ಲೈಕಾಲಿಸಿಸ್‌ನ (ಗ್ಲೂಕೋಸ್ ಒಡೆಯುವ ಕ್ರಿಯೆಯ) ನಡುವಿನ ಸರಕಿನಿಂದ ಡೈಅಸೈಲ್‌ಗ್ಲಿಸರಾಲ್ ಎಂಬ ಕೊಬ್ಬಿನ ಅಣು ತಯಾರಾಗಿ ಪಿಕೆಸಿ (ಪ್ರೋಟೀನ್ ಕೈನೇಸ್ ಸಿ) ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಪಿಕೆಸಿ ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಇನ್ನೊಂದು ಕಿಣ್ವವನ್ನು ಚುರುಕುಗೊಳಿಸುತ್ತದೆ. ಅಲ್ಲಿಂದ ಹೊಮ್ಮುವ ಸೂಪರಾಕ್ಸೈಡ್‌ನಿಂದ, ಉರಿಯೂತದ ಜೀನ್‌ಗಳನ್ನು ತೆರೆಯುವ ಎನ್‌ಎಫ್-ಕಪ್ಪಾ-ಬಿ ಪ್ರೋಟೀನ್‌ಗೆ ಚಾಲನೆ ಸಿಕ್ಕಿ, ಟಿಎನ್‌ಎಫ್-ಆಲ್ಫಾ, ಐಎಲ್-6 ಎಂಬ ಸೈಟೊಕೈನ್‌ಗಳ (ಉರಿಯೂತದ ಸಂದೇಶ ಪ್ರೋಟೀನ್‌ಗಳ) ಜೀನ್‌ಗಳು ತೆರೆದುಕೊಳ್ಳುತ್ತವೆ.

ತೊಡಕು ಇರುವುದೂ ಇಲ್ಲೇ. ಟಿಎಚ್‌ಪಿ-1ಅನ್ನು ಮ್ಯಾಕ್ರೋಫೇಜ್ ಮಾಡಲು ಹಾಕುವ ಪಿಎಂಎ ಎಂಬ ರಾಸಾಯನಿಕ ಡೈಅಸೈಲ್‌ಗ್ಲಿಸರಾಲ್‌ನ ವೇಷ ಹಾಕಿ ಪಿಕೆಸಿಯನ್ನೇ ನೇರವಾಗಿ ಹಿಡಿಯುತ್ತದೆ. ನೀವು ಅಳೆಯಹೊರಟ ದಾರಿಯನ್ನು ಅದಾಗಲೇ ತುಳಿದಿರುತ್ತದೆ! ಹಾಗಾಗಿ ಪಿಎಂಎ ಕಡಿಮೆ ಸಾಕು, ಮಿಲಿಲೀಟರಿಗೆ 5ರಿಂದ 20 ನ್ಯಾನೋಗ್ರಾಂ, 48 ಗಂಟೆ. ಆಮೇಲೆ ತೊಳೆದು, ಪಿಎಂಎ ಇಲ್ಲದ 5.5 ಮಿಲಿಮೋಲಾರ್ ಮೀಡಿಯಂನಲ್ಲಿ 48 ಗಂಟೆ ಸುಮ್ಮನೆ ಬಿಡಿ. ಈ ವಿರಾಮ ತಪ್ಪಿಸಿದ ಡೇಟಾವನ್ನು ನಾನಂತೂ ನಂಬುವುದಿಲ್ಲ.

ಮೀಡಿಯಂ ತಯಾರಿಗೆ ಗ್ಲೂಕೋಸ್ ಇಲ್ಲದ ಆರ್‌ಪಿಎಂಐ, ಡಯಾಲಿಸಿಸ್ ಮಾಡಿದ ಸೀರಂ ಬಳಸಿ. ಮಾಮೂಲಿ ಸೀರಂನಲ್ಲೂ ಗ್ಲೂಕೋಸ್ ಇರುತ್ತದೆ. ಅದೇ ಆರ್‌ಪಿಎಂಐನಲ್ಲಿ 1 ಮೋಲಾರ್ ಗ್ಲೂಕೋಸ್ ಸ್ಟಾಕ್ ಮಾಡಿ: 1.8 ಗ್ರಾಂ ಪುಡಿ ಕರಗಿಸಿ 10 ಮಿಲಿಲೀಟರಿಗೆ ತುಂಬಿಸಿ, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ. ಆಟೋಕ್ಲೇವ್ ಬೇಡ, ಹಳದಿ ತಿರುಗುತ್ತದೆ. 10 ಮಿಲಿಲೀಟರ್ ಮೀಡಿಯಂಗೆ 55 ಮೈಕ್ರೋಲೀಟರ್ ಹಾಕಿದರೆ 5.5, 250 ಹಾಕಿದರೆ 25 ಮಿಲಿಮೋಲಾರ್. ಮೂರನೆಯದು ಆಸ್ಮೋಟಿಕ್ ಕಂಟ್ರೋಲ್, ಅಂದರೆ ಒಟ್ಟು ಸಾಂದ್ರತೆ 25ರದ್ದರಷ್ಟೇ, ಗ್ಲೂಕೋಸ್ ಮಾತ್ರ ಕಡಿಮೆ: 55 ಗ್ಲೂಕೋಸ್, ಜೊತೆಗೆ 195 ಮೈಕ್ರೋಲೀಟರ್ 1 ಮೋಲಾರ್ ಮ್ಯಾನಿಟಾಲ್. ಇದರಲ್ಲೂ ಸೈಟೊಕೈನ್ ಅಷ್ಟೇ ಏರಿದರೆ ಅದು ಗ್ಲೂಕೋಸ್‌ನ ಕೆಲಸವಲ್ಲ, ಆಸ್ಮೊಲಾರಿಟಿಯದು. ಅಂದಹಾಗೆ ಈ ಮ್ಯಾನಿಟಾಲ್ ಸ್ಟಾಕ್ ಫ್ರಿಜ್‌ನಲ್ಲಿ ಹರಳುಗಟ್ಟಿ ತಳ ಹಿಡಿಯುತ್ತದೆ. 37 ಡಿಗ್ರಿಯಲ್ಲಿ ಪೂರ್ತಿ ಕರಗಿಸದೆ ಪಿಪೆಟ್ ಮುಟ್ಟಬೇಡಿ.

ಗ್ಲೂಕೋಸ್ ಪುಡಿಯಲ್ಲಿ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾ ಹೊದಿಕೆಯ ವಿಷ) ಇದ್ದರೆ ಕೋಶದ ಟಿಎಲ್‌ಆರ್-4 ಗ್ರಾಹಕದ ಮೂಲಕ ಅದೂ ಎನ್‌ಎಫ್-ಕಪ್ಪಾ-ಬಿಯನ್ನೇ ಎಬ್ಬಿಸುತ್ತದೆ, ಫಲಿತಾಂಶ ನೋಡಲು ಹೈ ಗ್ಲೂಕೋಸ್‌ನಂತೆಯೇ ಇರುತ್ತದೆ. ಎಂಡೋಟಾಕ್ಸಿನ್ ಫಿಲ್ಟರ್‌ನಲ್ಲಿ ನಿಲ್ಲುವುದಿಲ್ಲ. ಸ್ಟಾಕ್‌ಗಳಿಗೆ ಅದನ್ನು ಪತ್ತೆ ಮಾಡುವ ಎಲ್‌ಎಎಲ್ ಪರೀಕ್ಷೆ ಮಾಡಿಸಿ.

ಕೋಶಗಳು ಒತ್ತಾಗಿದ್ದರೆ ಪ್ಲೇಟ್‌ನ 5.5ರ ಬಾವಿಗಳಲ್ಲಿ (ಗುಳಿಗಳಲ್ಲಿ) ಗ್ಲೂಕೋಸ್ ಬೇಗ ಬರಿದಾಗಿ ಕಂಟ್ರೋಲ್ ಉಪವಾಸ ಬೀಳುತ್ತದೆ. ಮೀಡಿಯಂ ದಿನಾ ಬದಲಿಸಿ, ತೆಗೆದದ್ದರಲ್ಲಿ ಉಳಿದ ಗ್ಲೂಕೋಸನ್ನು ಹೆಕ್ಸೊಕೈನೇಸ್ ಕಿಟ್‌ನಿಂದ ಅಳೆಯಿರಿ. ಗ್ಲೂಕೋಮೀಟರ್ ರಕ್ತಕ್ಕಾಗಿ ಮಾಡಿದ್ದು, ಮೀಡಿಯಂನಲ್ಲಿ ಅದರ ಅಂಕಿ ನೆಚ್ಚಬೇಡಿ.

ಐಎಲ್-1 ಬೀಟಾ ಎಂಬ ಸೈಟೊಕೈನ್ ಅಳೆಯಬೇಕಿದ್ದರೆ ಬರೀ ಗ್ಲೂಕೋಸ್‌ನಿಂದ ಹೆಚ್ಚು ನಿರೀಕ್ಷಿಸಬೇಡಿ. ಎನ್‌ಎಫ್-ಕಪ್ಪಾ-ಬಿಯಿಂದ ತಯಾರಾಗುವುದು ಅದರ ಅಪಕ್ವ ರೂಪವಾದ ಪ್ರೊ-ಐಎಲ್-1 ಬೀಟಾ. ಅದನ್ನು ಕತ್ತರಿಸಿ ಹೊರಬಿಡಲು ಎನ್‌ಎಲ್‌ಆರ್‌ಪಿ-3 ಇನ್‌ಫ್ಲಮಸೋಮ್ ಎಂಬ ಪ್ರೋಟೀನ್ ಕೂಟ ಜೋಡಣೆಯಾಗಬೇಕು. ಎಲ್‌ಪಿಎಸ್ (ಶುದ್ಧ ಎಂಡೋಟಾಕ್ಸಿನ್), ಆಮೇಲೆ ಈ ಜೋಡಣೆಗೆ ಪ್ರಚೋದನೆಯಾಗಿ ಎಟಿಪಿ ಅಥವಾ ನೈಜರಿಸಿನ್ ಕೊಟ್ಟ ಬಾವಿಗಳನ್ನು ಪಾಸಿಟಿವ್ ಕಂಟ್ರೋಲ್ ಆಗಿ ಅದೇ ಪ್ಲೇಟ್‌ನಲ್ಲಿ ಇಡಿ.