ಚೆಂಡು ಹಿಂಡುವ ಮೊದಲು: ಕೈಬೆರಳ ಕೀಲುನೋವಿಗೆ ಫಿಸಿಯೋಥೆರಪಿ

ಕೈಬೆರಳ ಕೀಲು ನೋಯುತ್ತದೆ ಅಂದ ಕೂಡಲೇ ಯಾರಾದರೂ ಒಂದು ಸ್ಪಂಜಿನ ಚೆಂಡು ತಂದುಕೊಟ್ಟು, "ದಿನಾ ನೂರು ಸಲ ಹಿಂಡಿ, ಸರಿಹೋಗುತ್ತೆ" ಅನ್ನುತ್ತಾರೆ. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಹೆಬ್ಬೆರಳ ಬುಡದ ಕೀಲು ಸವೆದವರಿಗೆ ಆ ಚೆಂಡಿನಿಂದ ನೋವು ಏರುವ ಸಾಧ್ಯತೆಯೇ ಜಾಸ್ತಿ. ಹೆಬ್ಬೆರಳು ಮತ್ತು ತೋರುಬೆರಳ ತುದಿಯಿಂದ ಒಂದು ಕಿಲೋ ಬಲ ಹಾಕಿ ಏನನ್ನಾದರೂ ಚಿವುಟಿ ಹಿಡಿದರೆ, ಹೆಬ್ಬೆರಳ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಒತ್ತಡ ಬೀಳುತ್ತದೆ. ಇದು 1977ರಲ್ಲಿ ಕೂನಿ ಮತ್ತು ಚಾವೋ ಎಂಬ ಸಂಶೋಧಕರು ಹಾಕಿದ ಲೆಕ್ಕ. ಬಲವಾದ ಮುಷ್ಟಿ ಹಿಡಿತದಲ್ಲಿ ಅದು 120 ಕಿಲೋವರೆಗೂ ಹೋಗಬಹುದು ಎಂದೂ ಅವರೇ ತೋರಿಸಿದ್ದಾರೆ. ಸವೆದ ಕೀಲಿಗೆ ಇಷ್ಟು ಭಾರವನ್ನು ದಿನಕ್ಕೆ ನೂರು ಸಲ ಹೊರಿಸಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಕೈಗೆ ಪೂರ್ತಿ ವಿಶ್ರಾಂತಿ ಕೊಟ್ಟು ಕೂರುವುದೂ ಮದ್ದಲ್ಲ. ಅಲುಗಾಡದ ಕೀಲು ಬಿಗಿಯುತ್ತದೆ, ಸುತ್ತಲಿನ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯು ಕೀಲನ್ನು ಜಾಗದಲ್ಲಿ ಹಿಡಿದಿಡಲಾರದೆ ನೋವು ಮತ್ತೆ ಏರುತ್ತದೆ. ಕೈಗೆ ಕೆಲಸ ಕೊಡಲೇಬೇಕು, ಆದರೆ ಸರಿಯಾದ ಸ್ನಾಯುವಿಗೆ, ಸರಿಯಾದ ಸರದಿಯಲ್ಲಿ. ಮೊದಲು ಬಿಸಿ, ಆಮೇಲೆ ಬೆರಳ ಚಲನೆ, ಆಮೇಲೆ ಹೆಬ್ಬೆರಳನ್ನು ಜಾಗದಲ್ಲಿ ಹಿಡಿಯುವ ಸಣ್ಣ ಸ್ನಾಯುಗಳು. ಹಿಡಿತದ ಬಲ ಹೆಚ್ಚಿಸುವ ಮಾತು ಕಟ್ಟಕಡೆಗೆ.

ನೋವು ಯಾವ ಜಾತಿಯದು?

ಇದು ಗೊತ್ತಾಗದೆ ವ್ಯಾಯಾಮ ಶುರುಮಾಡಬಾರದು. ಸವೆತದ ಸಂಧಿವಾತ, ಅಂದರೆ ಆಸ್ಟಿಯೋಆರ್ಥ್ರೈಟಿಸ್, ಹೆಚ್ಚಾಗಿ ಉಗುರಿನ ಹತ್ತಿರದ ಗಿಣ್ಣು, ಬೆರಳ ನಡುಗಿಣ್ಣು ಮತ್ತು ಹೆಬ್ಬೆರಳ ಬುಡದಲ್ಲಿ ಕೂರುತ್ತದೆ. ಉಗುರಿನ ಹತ್ತಿರ ಗಟ್ಟಿ ಗಂಟು ಬಂದರೆ ಅದಕ್ಕೆ ಹೆಬರ್ಡನ್ ಗಂಟು, ನಡುಗಿಣ್ಣಿನಲ್ಲಿ ಬಂದರೆ ಬೌಚರ್ಡ್ ಗಂಟು ಎನ್ನುತ್ತಾರೆ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ರುಮಟಾಯ್ಡ್, ಅಂದರೆ ಮೈಯ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ಎರಗುವ ಸಂಧಿವಾತ, ಆದರೆ ಬೆರಳ ಬುಡದ ಗಿಣ್ಣು ಮತ್ತು ಮಣಿಕಟ್ಟು ಮೆತ್ತಗೆ ಊದಿಕೊಂಡು ಬೆಚ್ಚಗಿರುತ್ತವೆ, ಎರಡೂ ಕೈಗೆ ಒಟ್ಟಿಗೇ ಬರುವುದು ಹೆಚ್ಚು, ಬೆಳಗಿನ ಬಿಗಿತ ಒಂದು ಗಂಟೆ ದಾಟಿದರೂ ಬಿಡುವುದಿಲ್ಲ. ರುಮಟಾಯ್ಡ್‌ಗೆ ರೋಗವನ್ನೇ ಹತೋಟಿಗೆ ತರುವ ಔಷಧಿ ಮುಖ್ಯ. ವ್ಯಾಯಾಮ ಅದಕ್ಕೆ ಜೊತೆಗಾರನೇ ಹೊರತು ಬದಲಿಯಲ್ಲ.

ಕೀಲುನೋವು ಎಂದುಕೊಂಡಿದ್ದು ಬೇರೇನೋ ಆಗಿರುವುದೂ ಉಂಟು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿಗೆ ರಾತ್ರಿ ಜೋಮು ಹಿಡಿದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಲಕ್ಷಣ. ಬೆರಳು ಮಡಚಿದಲ್ಲೇ ಸಿಕ್ಕಿಕೊಂಡು ಟಕ್ಕೆಂದು ಬಿಚ್ಚಿಕೊಂಡರೆ ಅದು ಟೆಂಡನ್ನಿನ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯ, ತಕರಾರು. ರುಮಟಾಯ್ಡ್ ಇರುವವರಿಗೆ ಒಂದು ಬೆರಳು ಇದ್ದಕ್ಕಿದ್ದಂತೆ ನೆಟ್ಟಗಾಗದೆ ಜೋತುಬಿದ್ದರೆ ಟೆಂಡನ್ ಹರಿದಿರಬಹುದು. ಒಂದೇ ಕೀಲು ದಿಢೀರನೆ ಕೆಂಪಾಗಿ, ಸುಡುವಂತಾಗಿ, ಜ್ವರವೂ ಬಂದರೆ ಸೋಂಕಿನ ಭಯವಿದೆ. ಈ ಕೊನೆಯ ಎರಡಕ್ಕೆ ಅದೇ ದಿನ ವೈದ್ಯರನ್ನು ಕಾಣಬೇಕು.

ಬಿಸಿ ಎಷ್ಟು, ಹೇಗೆ

38ರಿಂದ 40 ಡಿಗ್ರಿ ಸೆಲ್ಸಿಯಸ್‌ನ ನೀರು, ಅಂದರೆ ಹಿತವಾದ ಸ್ನಾನದ ನೀರಿನಷ್ಟು ಬಿಸಿ, 10 ನಿಮಿಷ. ಕೈ ಮುಳುಗಿಸಿಕೊಂಡೇ ಬೆರಳನ್ನು ನಿಧಾನವಾಗಿ ಮಡಚಿ ಬಿಡಿಸುತ್ತಿದ್ದರೆ ಇನ್ನೂ ಒಳ್ಳೆಯದು. ಬೆಳಗ್ಗೆ ಎದ್ದ ಮೇಲೆ ಇದನ್ನು ಮುಗಿಸಿಯೇ ವ್ಯಾಯಾಮಕ್ಕೆ ಕೂರಬೇಕು, ತಣ್ಣಗಿನ ಬಿಗಿದ ಕೀಲನ್ನು ಎಳೆದರೆ ನೋವಷ್ಟೇ ಲಾಭ.

ಪ್ಯಾರಾಫಿನ್ ಮೇಣದ ಶಾಖ ಹೆಚ್ಚು ಹೊತ್ತು ನಿಲ್ಲುತ್ತದೆ. ಮೇಣ 52ರಿಂದ 54 ಡಿಗ್ರಿ ಇರಬೇಕು. ಉಂಗುರ ತೆಗೆದು, ಕೈ ತೊಳೆದು, ನೀರಿನ ಹನಿಯೂ ಉಳಿಯದಂತೆ ಒರೆಸಿ, ಬೆರಳು ತುಸು ಅಗಲಿಸಿ ಅದ್ದಿ ತೆಗೆಯಿರಿ. ಪದರ ಮಂಕಾದ ಮೇಲೆ ಮತ್ತೆ ಅದ್ದಿ. ಹೀಗೆ 6ರಿಂದ 10 ಸಲ. ಇಲ್ಲಿ ಎರಡು ತಪ್ಪು ಸಾಮಾನ್ಯ. ನಡುವೆ ಬೆರಳು ಅಲುಗಿಸಿದರೆ ಪದರ ಬಿರುಕುಬಿಟ್ಟು ಬಿಸಿ ಮೇಣ ಒಳಗೆ ನುಗ್ಗಿ ಚರ್ಮ ಸುಡುತ್ತದೆ. ಮೊದಲ ಸಲಕ್ಕಿಂತ ಮೇಲಕ್ಕೆ ಅದ್ದಿದರೂ ಮೇಲಂಚಿನಿಂದ ಮೇಣ ಒಳಗಿಳಿಯುತ್ತದೆ, ಹಾಗಾಗಿ ಪ್ರತಿ ಸಲವೂ ಕೂದಲೆಳೆಯಷ್ಟು ಕೆಳಗೇ ನಿಲ್ಲಿಸಿ. ಆಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟವೆಲ್ ಸುತ್ತಿ 15ರಿಂದ 20 ನಿಮಿಷ ಬಿಡಿ. ಒಲೆಯ ಮೇಲೆ ಮೇಣ ಕರಗಿಸುವ ಸಾಹಸ ಬೇಡವೇ ಬೇಡ. ಉಷ್ಣತೆ ತಾನೇ ಹಿಡಿದಿಡುವ ಯಂತ್ರ ಇದ್ದರೆ ಮಾತ್ರ ಇದನ್ನು ಮಾಡಿ. ಗಾಯ ಇದ್ದರೆ, ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ, ನೋವಿನ ಜೆಲ್ ಆಗಷ್ಟೇ ಹಚ್ಚಿದ್ದರೆ ಬಿಸಿ ಯಾವ ರೂಪದಲ್ಲೂ ಬೇಡ. ಕೀಲು ಈಗಾಗಲೇ ಕಾದು ಊದಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 10 ನಿಮಿಷ ಸಾಕು.

ಬೆರಳ ಐದು ಆಕಾರ

ಇದಕ್ಕೆ ಯಾವ ಸಲಕರಣೆಯೂ ಬೇಡ. ಮೊಣಕೈಯನ್ನು ಮೇಜಿನ ಮೇಲೆ ಊರಿ, ಮಣಿಕಟ್ಟು ನೆಟ್ಟಗಿಟ್ಟು, ಬೆರಳುಗಳನ್ನು ನೇರ ಮೇಲಕ್ಕೆ ಚಾಚಿ. ಅಲ್ಲಿಂದ ಬುಡದ ಗಿಣ್ಣು ನೆಟ್ಟಗಿರುವಂತೆಯೇ ಮೇಲಿನ ಎರಡು ಗಿಣ್ಣುಗಳನ್ನು ಮಡಚಿ, ಕೈ ಕೊಕ್ಕೆಯಂತೆ ಕಾಣಬೇಕು. ಮತ್ತೆ ನೆಟ್ಟಗೆ. ಆಮೇಲೆ ಪೂರ್ತಿ ಮುಷ್ಟಿ. ಮತ್ತೆ ನೆಟ್ಟಗೆ. ಆಮೇಲೆ ಬುಡದ ಗಿಣ್ಣು ಮಾತ್ರ ಮಡಚಿ ಬೆರಳನ್ನು ಮೇಜಿನ ಹಲಗೆಯಂತೆ ಚಪ್ಪಟೆ ಚಾಚುವುದು. ಕೊನೆಗೆ ಉಗುರಿನ ಗಿಣ್ಣು ಮಡಚದೆ ಬೆರಳ ತುದಿಯನ್ನು ಅಂಗೈಯ ಬುಡಕ್ಕೆ ಮುಟ್ಟಿಸುವುದು. ಒಂದೊಂದರಲ್ಲೂ 3ರಿಂದ 5 ಸೆಕೆಂಡು ನಿಲ್ಲಿ. ಐದೂ ಸೇರಿ ಒಂದು ಸುತ್ತು, ಅಂಥ 5 ಸುತ್ತು, ದಿನಕ್ಕೆ 2 ಅಥವಾ 3 ಸಲ. ಬೆರಳು ಬಗ್ಗಿಸುವ ಎರಡು ಟೆಂಡನ್‌ಗಳು ಈ ಬೇರೆ ಬೇರೆ ಆಕಾರಗಳಲ್ಲಿ ಬೇರೆ ಬೇರೆ ದೂರ ಜಾರುತ್ತವೆ. ಬರೀ ಮುಷ್ಟಿ ಕಟ್ಟಿ ಬಿಚ್ಚಿದರೆ ಅವು ಒಂದರ ಮೇಲೊಂದು ಜಾರುವುದು ಅಷ್ಟು ಚೆನ್ನಾಗಿ ಆಗುವುದಿಲ್ಲ.

ಮುಷ್ಟಿ ಪೂರ್ತಿ ಆಗದಿದ್ದರೆ ಇನ್ನೊಂದು ಕೈಯಿಂದ ಒತ್ತಿ ಕೂರಿಸಬೇಡಿ. ಎಲ್ಲಿ ನಿಂತಿತೋ ಅಲ್ಲೇ ಉಸಿರು ಬಿಡುತ್ತಾ ಐದು ಎಣಿಸಿ. ರುಮಟಾಯ್ಡ್ ಇರುವವರಿಗೆ ಬೆರಳುಗಳು ಕಿರುಬೆರಳ ಕಡೆಗೆ ವಾಲುವ ಚಾಳಿ ಇರುತ್ತದೆ. ಅವರು ಅಂಗೈ ಮೇಜಿನ ಮೇಲಿಟ್ಟು ಬೆರಳನ್ನು ಒಂದೊಂದಾಗಿ ಎತ್ತಿ ಹೆಬ್ಬೆರಳ ಕಡೆಗೆ ಹೆಜ್ಜೆ ಹಾಕಿಸಬೇಕು. ಹಿಂದಕ್ಕೆ ಬರುವಾಗ ಒಟ್ಟಾಗಿ ಜಾರಿಸದೆ, ಕೈಯನ್ನೇ ಎತ್ತಿ ಹೊಸದಾಗಿ ಇಟ್ಟು ಶುರುಮಾಡಬೇಕು.

ಹೆಬ್ಬೆರಳು

ಈ ಬರಹದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ ಎನ್ನುತ್ತೇನೆ. ಹೆಬ್ಬೆರಳ ಬುಡದ ಕೀಲು ಕುದುರೆಯ ಜೀನಿನ ಆಕಾರದ್ದು. ಎಲ್ಲ ದಿಕ್ಕಿಗೂ ತಿರುಗುವ ಸ್ವಾತಂತ್ರ್ಯ ಇರುವುದರಿಂದಲೇ ಅದಕ್ಕೆ ಭದ್ರತೆ ಕಡಿಮೆ. ಸವೆದಾಗ ಹೆಬ್ಬೆರಳ ಮೂಳೆಯ ಬುಡ ಹೊರಕ್ಕೆ ಜಾರಿ ಮಣಿಕಟ್ಟಿನ ಹತ್ತಿರ ಒಂದು ದಿಬ್ಬ ಏಳುತ್ತದೆ. ಹೆಬ್ಬೆರಳನ್ನು ಅಂಗೈಯ ಕಡೆಗೆ ಎಳೆಯುವ ಸ್ನಾಯು ಬಿಗಿದುಕೊಳ್ಳುತ್ತದೆ, ಹೆಬ್ಬೆರಳ ಸಂದು ಕಿರಿದಾಗುತ್ತದೆ. ಕಿರಿದಾದ ಸಂದಿನಿಂದ ಲೋಟ ಹಿಡಿಯಲು ಹೋದಾಗ ನಡುವಿನ ಗಿಣ್ಣು ಹಿಂದಕ್ಕೆ ಬಾಗಿ, ಇಡೀ ಹೆಬ್ಬೆರಳು ಅಂಕುಡೊಂಕಾಗಿ ನಿಲ್ಲುತ್ತದೆ.

ಹಾಗಾಗಿ ಮೊದಲ ಕೆಲಸ ಆ ಬಿಗಿತ ಬಿಡಿಸುವುದು. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಮಾಂಸಲ ಜಾಗಕ್ಕೆ ಇನ್ನೊಂದು ಕೈಯ ತೋರುಬೆರಳನ್ನು ಮಡಚಿ ಅದರ ಗಿಣ್ಣಿನಿಂದ ಹದವಾಗಿ ಒತ್ತಿ, 30ರಿಂದ 60 ಸೆಕೆಂಡು ಹಿಡಿದಿರಿ. ಹೆಬ್ಬೆರಳಿನಿಂದ ಒತ್ತಬೇಡಿ, ಆ ಕೈಯ ಹೆಬ್ಬೆರಳೂ ನೋಯುತ್ತಿರಬಹುದು.

ಎರಡನೆಯದಕ್ಕೆ ಒಂದು ರಬ್ಬರ್ ಬ್ಯಾಂಡ್ ಸಾಕು. ಕಿರುಬೆರಳ ಅಂಚು ಮೇಜಿಗೆ ತಾಗುವಂತೆ ಕೈ ನಿಲ್ಲಿಸಿ, ಲೋಟ ಹಿಡಿದಂತೆ ಹೆಬ್ಬೆರಳನ್ನು ದುಂಡಗೆ ತೆರೆದಿಡಿ. ತೋರುಬೆರಳು ಮತ್ತು ಮಧ್ಯದ ಬೆರಳ ನಡುಗಿಣ್ಣಿನ ಸುತ್ತ ಬ್ಯಾಂಡ್ ಹಾಕಿ. ಹೆಬ್ಬೆರಳು ಒಂದಿಷ್ಟೂ ಅಲುಗದಂತೆ, ತೋರುಬೆರಳನ್ನು ಮಾತ್ರ ಮೇಲಕ್ಕೆ, ಹೆಬ್ಬೆರಳ ಕಡೆಗೆ ತಳ್ಳಿ. 5 ಸೆಕೆಂಡು ನಿಲ್ಲಿಸಿ ನಿಧಾನವಾಗಿ ಬಿಡಿ, 10 ಸಲ. ಆಗ ಇನ್ನೊಂದು ಕೈಯಿಂದ ಹೆಬ್ಬೆರಳು ಮತ್ತು ತೋರುಬೆರಳ ಸಂದನ್ನು ಹಿಂಗೈ ಕಡೆಯಿಂದ ಮುಟ್ಟಿ ನೋಡಿ. ಸಣ್ಣ ಗಡ್ಡೆಯಂತೆ ಒಂದು ಸ್ನಾಯು ಉಬ್ಬಿ ಗಟ್ಟಿಯಾಗಿರುತ್ತದೆ. ಹೆಬ್ಬೆರಳ ಬುಡ ಹೊರಕ್ಕೆ ಜಾರದಂತೆ ಎಳೆದು ಕೂರಿಸುವುದು ಈ ಸ್ನಾಯುವೇ. ಉಬ್ಬು ಬೆರಳಿಗೆ ಸಿಗದಿದ್ದರೆ ಬ್ಯಾಂಡ್ ತೀರಾ ಬಿಗಿ ಇರಬಹುದು. ಬಿಗಿ ಜಾಸ್ತಿಯಾದಾಗ ಮಣಿಕಟ್ಟು ತಿರುಗಿಸಿ ಮೋಸ ಮಾಡುವುದು ಎಲ್ಲರೂ ತಮಗೇ ಗೊತ್ತಾಗದೆ ಮಾಡುವ ತಪ್ಪು.

ಮೂರನೆಯದು, ಹೆಬ್ಬೆರಳ ತುದಿಯನ್ನು ತೋರುಬೆರಳ ತುದಿಗೆ ಮುಟ್ಟಿಸಿ ಸೊನ್ನೆಯಂತೆ ದುಂಡಗೆ ನಿಲ್ಲಿಸುವುದು. ಸೊನ್ನೆ ಚಪ್ಪಟೆಯಾದರೆ, ಅಂದರೆ ಹೆಬ್ಬೆರಳ ಗಿಣ್ಣು ಒಳಕ್ಕೆ ಕುಸಿದರೆ, ಬಲ ಕಡಿಮೆ ಮಾಡಿ. ದುಂಡು ಕೆಡದಷ್ಟು ಬಲವೇ ಇವತ್ತಿನ ಮಿತಿ. ಎರಡು ಮೂರು ವಾರದಲ್ಲಿ ಈ ಮಿತಿ ತಾನಾಗಿ ಮುಂದಕ್ಕೆ ಹೋಗುತ್ತದೆ.

ಬಲ ಮತ್ತು ನೋವಿನ ಲೆಕ್ಕ

ಚಲನೆ ಸಲೀಸಾದ ಮೇಲೆ ಮೆತ್ತನೆಯ ಪುಟ್ಟಿ, ಅಂದರೆ ಕೈವ್ಯಾಯಾಮಕ್ಕೆಂದೇ ಸಿಗುವ ಹಿಟ್ಟಿನ ಮುದ್ದೆಯಂಥ ವಸ್ತು, ತೆಗೆದುಕೊಳ್ಳಬಹುದು. ದಿನ ಬಿಟ್ಟು ದಿನ, 8ರಿಂದ 10 ಸಲ ಹಿಂಡುವ ಒಂದು ಸುತ್ತಿನಿಂದ ಶುರುಮಾಡಿ, ಮೂರು ಸುತ್ತಿಗೆ ಹೋದ ಮೇಲೆಯೇ ಗಟ್ಟಿ ಪುಟ್ಟಿಗೆ ಬದಲಾಯಿಸಿ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುವನ್ನು ಮರೆಯಬೇಡಿ. ಮುಂಗೈ ಮೇಜಿನ ಮೇಲೆ, ಕೈ ಅಂಚಿನಾಚೆ, ಅಂಗೈ ಕೆಳಮುಖ, ಅರ್ಧ ಕಿಲೋ ತೂಕ ಹಿಡಿದು ನಿಧಾನವಾಗಿ ಇಳಿಸುವುದು. ಮಣಿಕಟ್ಟು ಹಿಂದಕ್ಕೆ ಭದ್ರವಾಗಿ ನಿಂತರೆ ತಾನೇ ಬೆರಳಿಗೆ ಹಿಡಿತ. ಹೆಬ್ಬೆರಳ ಬುಡ ಸಡಿಲವಿರುವವರು ಪುಟ್ಟಿಯನ್ನು ಹೆಬ್ಬೆರಳಿನಿಂದ ಚಿವುಟುವ ವ್ಯಾಯಾಮ ಬಿಟ್ಟುಬಿಡಿ.

ರುಮಟಾಯ್ಡ್ ಇರುವ ಕೈಗೆ ಬಲದ ವ್ಯಾಯಾಮವೇ ಸಲ್ಲದು ಎಂಬ ಹೆದರಿಕೆ ಹಳೆಯದು. ಬ್ರಿಟನ್ನಿನಲ್ಲಿ 490 ಜನರ ಮೇಲೆ ನಡೆದ ಸಾರಾ ಎಂಬ ಪ್ರಯೋಗದಲ್ಲಿ, ಮಾಮೂಲು ಚಿಕಿತ್ಸೆಯ ಜೊತೆಗೆ 7 ಚಲನೆಯ ಮತ್ತು 4 ಬಲದ ವ್ಯಾಯಾಮ ಮಾಡಿದವರ ಕೈಯ ಕಾರ್ಯಕ್ಷಮತೆ 12 ತಿಂಗಳ ನಂತರ ಉಳಿದವರಿಗಿಂತ ಉತ್ತಮವಾಗಿತ್ತು. ಇದು 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆದರೆ ಕೀಲು ಕಾದು ಊದಿರುವ ದಿನಗಳಲ್ಲಿ ಬಲದ ವ್ಯಾಯಾಮ ನಿಲ್ಲಿಸಿ, ಐದು ಆಕಾರಗಳನ್ನು ಮಾತ್ರ ಮೆಲ್ಲಗೆ ಮಾಡಿ.

ನೋವಿಗೆ 0ರಿಂದ 10ರವರೆಗೆ ಅಂಕ ಕೊಡುವುದಾದರೆ, ಮಾಡುವಾಗ 3ರವರೆಗೆ ಸರಿ. ಮುಗಿಸಿ 2 ಗಂಟೆಯಾದರೂ ನೋವು ಮೊದಲಿಗಿಂತ ಹೆಚ್ಚೇ ಇದ್ದರೆ ಆ ದಿನ ಅತಿಯಾಯಿತು. ಮುಂದಿನ ಸಲ ಎಣಿಕೆ ಅರ್ಧಕ್ಕಿಳಿಸಿ, ವ್ಯಾಯಾಮವನ್ನೇ ಬಿಡಬೇಡಿ.

ಸ್ಪ್ಲಿಂಟ್ ಮತ್ತು ಉಳಿದ ಹೊತ್ತು

ಹೆಬ್ಬೆರಳ ಬುಡದ ಸ್ಪ್ಲಿಂಟ್, ಅಂದರೆ ಕೀಲನ್ನು ಜಾಗದಲ್ಲಿ ಹಿಡಿದಿಡುವ ಪಟ್ಟಿ, ಹಾಕಿ ಎರಡು ವಾರಕ್ಕೆ "ಏನೂ ಆಗಲಿಲ್ಲ" ಎಂದು ಮೂಲೆಗೆಸೆಯುವವರು ಬಹಳ. ಫ್ರಾನ್ಸ್‌ನಲ್ಲಿ 112 ಜನರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಾತ್ರಿ ಸ್ಪ್ಲಿಂಟ್ ಹಾಕಿದವರ ನೋವಿನಲ್ಲಿ ಒಂದು ತಿಂಗಳಿಗೆ ವ್ಯತ್ಯಾಸವೇ ಕಾಣಲಿಲ್ಲ, 12 ತಿಂಗಳಿಗೆ ಕಂಡಿತು. ಕನಿಷ್ಠ ಮೂರು ತಿಂಗಳು ತಾಳ್ಮೆ ಬೇಕು. ಸ್ಪ್ಲಿಂಟ್ ಹಾಕಿದಾಗ ಹೆಬ್ಬೆರಳ ತುದಿ ತೋರುಬೆರಳಿಗೆ ಮುಟ್ಟುವಂತಿರಬೇಕು. ತೆಗೆದ ಮೇಲೆ 20 ನಿಮಿಷಕ್ಕೂ ಮಾಯದ ಕೆಂಪು ಗುರುತು ಉಳಿದರೆ ಅಲ್ಲಿ ಒತ್ತುತ್ತಿದೆ, ಸರಿಮಾಡಿಸಿ. ಹಗಲೂ ರಾತ್ರಿ ಬಿಚ್ಚದೆ ಹಾಕಿದರೆ ಸ್ನಾಯು ಸೊರಗುತ್ತದೆ.

ವ್ಯಾಯಾಮಕ್ಕೆ ದಿನಕ್ಕೆ 20 ನಿಮಿಷವಾದರೆ, ಉಳಿದ ಎಲ್ಲ ಹೊತ್ತೂ ಕೈ ಏನನ್ನೋ ಹಿಡಿಯುತ್ತಲೇ ಇರುತ್ತದೆ. ನನ್ನ ಮಟ್ಟಿಗೆ ನೋವು ಗೆಲ್ಲುವುದು ಸೋಲುವುದು ಆ ಹೊತ್ತಿನಲ್ಲೇ. ಬಾಟಲಿಯ ಮುಚ್ಚಳ ತೆಗೆಯುವುದನ್ನೇ ನೋಡಿ. ಬಾಟಲಿಯನ್ನು ಒದ್ದೆ ಬಟ್ಟೆಯ ಮೇಲಿಟ್ಟರೆ ಅದು ಜಾರದು. ಮುಚ್ಚಳದ ಮೇಲೆ ರಬ್ಬರ್ ಹಾಳೆ, ಅದರ ಮೇಲೆ ಚಪ್ಪಟೆ ಅಂಗೈ. ಮೇಲಿನಿಂದ ಮೈಭಾರ ಕೊಟ್ಟು, ಬೆರಳು ಮಡಚದೆ, ಭುಜದಿಂದ ತಿರುಗಿಸಿ. ಹೆಬ್ಬೆರಳಿಗೆ ಕೆಲಸವೇ ಇಲ್ಲ.

ಪೆನ್ನು, ಚಾಕು, ಟೂತ್‌ಬ್ರಷ್‌ಗಳ ಹಿಡಿಗೆ ಫೋಮ್ ಕೊಳವೆ ತೊಡಿಸಿ ದಪ್ಪ ಮಾಡಿ. ತೀರಾ ದಪ್ಪವಾಗಿ ಬೆರಳು ಸುತ್ತಲು ಬಾರದಿದ್ದರೆ ಮತ್ತೆ ಬಿಗಿ ಹಿಡಿಯಬೇಕಾಗುತ್ತದೆ, ನೆನಪಿರಲಿ. ಚೀಲವನ್ನು ಬೆರಳಿಗೆ ಸಿಕ್ಕಿಸುವ ಬದಲು ಮುಂಗೈಗೋ ಭುಜಕ್ಕೋ ಹಾಕಿ. ತಟ್ಟೆಯನ್ನು ಅಂಚಿನಲ್ಲಿ ಚಿವುಟದೆ ಎರಡೂ ಅಂಗೈಯಲ್ಲಿ ಹೊರಿ. ಫೋನನ್ನು ಸ್ಟ್ಯಾಂಡಿಗೆ ಒರಗಿಸಿ, ಹೆಬ್ಬೆರಳ ಬದಲು ತೋರುಬೆರಳಲ್ಲಿ ಬರೆಯಿರಿ ಅಥವಾ ಬಾಯಲ್ಲಿ ಹೇಳಿ ಬರೆಸಿ. ಒಂದೇ ಹಿಡಿತದ ಕೆಲಸವನ್ನು 20 ನಿಮಿಷಕ್ಕೊಮ್ಮೆ ಬಿಟ್ಟು ಕೈ ತೆರೆದು ಚಾಚಿ.

ಗುಣ ಕಾಣುತ್ತಿದೆಯೇ ಎಂದು ತಿಳಿಯಲು ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಎರಡು ಅಳತೆ ಬರೆದಿಡಿ. ಮುಷ್ಟಿ ಕಟ್ಟಿದಾಗ ಪ್ರತಿ ಬೆರಳ ತುದಿಗೂ ಅಂಗೈಯಲ್ಲಿ ಬೆರಳಿಗೆ ಹತ್ತಿರದ ಅಡ್ಡಗೆರೆಗೂ ಎಷ್ಟು ಸೆಂಟಿಮೀಟರ್ ಅಂತರ, ಸ್ಕೇಲ್ ಇಟ್ಟು ನೋಡಿ. ಇನ್ನೊಂದು ಕಪಾಂಜಿ ಅಂಕ: ಹೆಬ್ಬೆರಳ ತುದಿ ತೋರುಬೆರಳ ತುದಿ ಮುಟ್ಟಿದರೆ 3, ಮಧ್ಯದ ಬೆರಳದ್ದು 4, ಉಂಗುರದ ಬೆರಳದ್ದು 5, ಕಿರುಬೆರಳದ್ದು 6. ಅಲ್ಲಿಂದ ಕಿರುಬೆರಳ ಗೆರೆಗಳ ಮೇಲೆ ಇಳಿಯುತ್ತಾ ಬುಡದ ಗೆರೆಗೆ 9, ಅಂಗೈಯ ಆ ಅಡ್ಡಗೆರೆ ಮುಟ್ಟಿದರೆ 10. ಆರರಿಂದ ಎಂಟು ವಾರ ಬಿಡದೆ ಮಾಡಿಯೂ ಈ ಎರಡು ಅಂಕಿಗಳಾಗಲಿ ನೋವಾಗಲಿ ಕದಲದಿದ್ದರೆ, ಬರೆದಿಟ್ಟ ಹಾಳೆಯ ಸಮೇತ ಕೈಯ ಫಿಸಿಯೋಥೆರಪಿಸ್ಟ್ ಬಳಿ ಹೋಗಿ. ಯಾವ ವ್ಯಾಯಾಮ ತೆಗೆಯಬೇಕು, ಯಾವುದನ್ನು ಸೇರಿಸಬೇಕು ಎಂದು ನಿರ್ಧರಿಸಲು ಅವರಿಗೆ ಬೇಕಾದ್ದು ಆ ಹಾಳೆಯೇ.