ಅದೇ ದನಿ, ಬೇರೆ ಹಾಡು

ಜೂನ್ 16, 2024, ಭಾನುವಾರ

ಮಧ್ಯಾಹ್ನ ಪುಟ್ಟಿ ಫೋನಿನಲ್ಲಿ ಸ್ಟಾರ್‌ಶಿಪ್ ಬ್ಯಾಂಡಿನ ‘ವಿ ಬಿಲ್ಟ್ ದಿಸ್ ಸಿಟಿ’ ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದಳು. "ಆ ಹೆಣ್ಣು ದನಿ ಗ್ರೇಸ್ ಸ್ಲಿಕ್‌ದು ಕಣೇ, ‘ವೈಟ್ ರ್ಯಾಬಿಟ್’ ಹಾಡಿದವಳು" ಅಂದೆ.

"ಸುಮ್ನಿರಿ ಚಿಕ್ಕಮ್ಮ!"

ಹಾಕಿ ಕೇಳಿಸಿದೆ. 1967ರ ಹಾಡು, ಗ್ರೇಸ್ ಆಗ ಇದ್ದ ಅಮೆರಿಕದ ರಾಕ್ ಬ್ಯಾಂಡ್ ಜೆಫರ್ಸನ್ ಏರ್‌ಪ್ಲೇನ್‌ದು. ಡ್ರಮ್ ಸಣ್ಣಗೆ ಶುರುವಾಗಿ ಏರುತ್ತಾ ಹೋಗುತ್ತದೆ, ಗ್ರೇಸ್ ದನಿಯೂ ಅದರ ಜೊತೆಗೇ ಏರುತ್ತದೆ. ಎರಡೂವರೆ ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಬರೆದವಳೂ ಅವಳೇ. ಪುಟ್ಟಿ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು.

"ಮತ್ತೆ ನಾನು ಹಾಕಿದ್ದ ಹಾಡ್ಯಾಕೆ ಹೀಗಾಯ್ತು?"

ಹೇಳಿದೆ. ಏರ್‌ಪ್ಲೇನ್ ಹೋಗಿ ಜೆಫರ್ಸನ್ ಸ್ಟಾರ್‌ಶಿಪ್ ಆಯಿತು. ಹಾಡುಗಳು ತೀರಾ ವ್ಯಾಪಾರಿ ಆಗುತ್ತಿವೆ ಅಂತ ಬ್ಯಾಂಡ್ ಕಟ್ಟಿದವರಲ್ಲೊಬ್ಬನಾದ ಪಾಲ್ ಕ್ಯಾಂಟ್ನರ್ 1984ರಲ್ಲಿ ಹೊರಬಂದ. ಹೆಸರಿಗಾಗಿ ಕೋರ್ಟಿಗೂ ಹೋದ. ಕೊನೆಗೆ ಉಳಿದವರು ‘ಜೆಫರ್ಸನ್’ ಬಿಟ್ಟುಕೊಟ್ಟು ಬರೀ ಸ್ಟಾರ್‌ಶಿಪ್ ಆದರು. 1985ರ ನವೆಂಬರಿನಲ್ಲಿ ಪುಟ್ಟಿ ಹಾಕಿದ್ದ ಈ ಹಾಡು ಅಮೆರಿಕದಲ್ಲಿ ನಂಬರ್ ಒನ್. ‘ವೈಟ್ ರ್ಯಾಬಿಟ್’ ಎಂಟನೇ ಸ್ಥಾನಕ್ಕಿಂತ ಮೇಲೆ ಹೋಗಿರಲಿಲ್ಲ!

"ಹಾಗಾದ್ರೆ ಗೆದ್ದರಲ್ವಾ? ಅವರೂ ಹೊಟ್ಟೆಪಾಡು ನೋಡ್ಕೋಬೇಕು ತಾನೇ" ಅಂದಳು.

ದುಡ್ಡು ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ. ಸಿಂಥಸೈಜರ್ ಬಂದಿದ್ದಕ್ಕೂ ಇಲ್ಲ. ಆದರೆ ಈ ಹಾಡನ್ನು ಬರೆದ ನಾಲ್ವರಲ್ಲಿ ಒಬ್ಬರೂ ಬ್ಯಾಂಡಿನವರಲ್ಲ. ಒಬ್ಬ ಎಲ್ಟನ್ ಜಾನ್‌ಗೆ ಸಾಹಿತ್ಯ ಬರೆದುಕೊಡುತ್ತಿದ್ದ ಬರ್ನಿ ಟಾಪಿನ್. ಹಾಡಿನೊಳಗೆ ಕಂಪನಿಗಳನ್ನು ಬೈಯ್ಯುವ ಮಾತಿದೆ, ಕೇಳಿದರೆ ಕಂಪನಿಯೇ ಮಾಡಿಸಿದ ಹಾಗಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1967ರಲ್ಲಿ ಜೊತೆಗಿದ್ದವರಲ್ಲಿ ಆ ಹೊತ್ತಿಗೆ ಬ್ಯಾಂಡಿನಲ್ಲಿ ಉಳಿದಿದ್ದವಳು ಗ್ರೇಸ್ ಒಬ್ಬಳೇ. ನನ್ನನ್ನು ಚುಚ್ಚುವುದು ಅದು.

ಆದರೂ ಅವಳನ್ನು ಬೈಯ್ಯಲು ಮನಸ್ಸು ಬರುವುದಿಲ್ಲ. 1978ರಲ್ಲಿ ಜರ್ಮನಿಯ ವೇದಿಕೆಯಲ್ಲಿ ಕುಡಿದು ರಂಪ ಮಾಡಿ ಬ್ಯಾಂಡ್ ಬಿಟ್ಟವಳು, 1981ರಲ್ಲಿ ವಾಪಸ್ ಬಂದಳು. ಹೊತ್ತಿಗೆ ಸರಿಯಾಗಿ ಬಂದು, ಕೊಟ್ಟದ್ದನ್ನು ಹಾಡಿ ಹೋಗುವುದು ಅವಳಿಗೆ ಆಗ ಬೇಕಿತ್ತೇನೋ. 46 ವರ್ಷದ ಹೆಣ್ಣು ಪಾಪ್ ಲೋಕದಲ್ಲಿ ನಂಬರ್ ಒನ್ ಆಗುವುದು ಸಣ್ಣ ಮಾತಲ್ಲ. 1988ರಲ್ಲಿ ಅವಳೇ ಹೊರನಡೆದಳು.

ನಾಳೆ ಬೇಗ ಏಳಬೇಕು. ಅಕ್ಕನಿಗೆ ಮಾತ್ರೆ ತರಿಸಬೇಕು.

ರಾತ್ರಿ ಪುಟ್ಟಿ ಮತ್ತೆ ಕೇಳಿದಳು, "ಕ್ಯಾಂಟ್ನರ್ ಬಿಟ್ಟು ಹೋದ್ನಲ್ಲ, ಇವಳ್ಯಾಕೆ ಅವನ ಜೊತೆ ಹೋಗಲಿಲ್ಲ?" ಇಬ್ಬರಿಗೂ ಒಬ್ಬ ಮಗಳು ಬೇರೆ ಇದ್ದಳು. ಬಹುಶಃ ಬಿಟ್ಟು ಹೋಗುವವರಿಗೆ ಸಿಗುವ ಮರ್ಯಾದೆ ಉಳಿದು ದುಡಿಯುವವರಿಗೆ ಸಿಗುವುದಿಲ್ಲ.